ಮೆಟ್ರೋ ಮುಚ್ಚಿದಾಗ ವಾಷಿಂಗ್ಟನ್‌ನವರು ಬೈಯುವ ರೀತಿ

ವಾಷಿಂಗ್ಟನ್‌ನಲ್ಲಿ ಮೆಟ್ರೋನ ಬೈಯದವರನ್ನು ನಾನಿನ್ನೂ ನೋಡಿಲ್ಲ. ಆಫೀಸಿನಲ್ಲಿ ಹೊಸಬರ ಜೊತೆ ಮಾತು ಶುರು ಮಾಡಬೇಕಾ? "ಇವತ್ತು ರೆಡ್ ಲೈನ್..." ಅಂದರೆ ಸಾಕು, ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ. 2016ರಲ್ಲಂತೂ ಈಗ ಮೆಟ್ರೋಗೆ ಬೆಂಕಿ ಬಿದ್ದಿದೆಯೋ ಇಲ್ಲವೋ ಅಂತ ಹೇಳುವುದಕ್ಕೇ ಒಂದು ವೆಬ್‌ಸೈಟ್ ಹುಟ್ಟಿಕೊಂಡಿತ್ತು. ತಮಾಷೆಯದೇ. ಆದರೂ ಎಷ್ಟೋ ಜನ ಮನೆ ಬಿಡುವ ಮುಂಚೆ ಒಮ್ಮೆ ಅದನ್ನು ನೋಡುತ್ತಿದ್ದರು.

ಬೈಯಲು ಕಾರಣ ಇಲ್ಲದೇ ಇರಲಿಲ್ಲ. 1976ರಲ್ಲಿ ಶುರುವಾದ ಮೆಟ್ರೋ ಇದು. ಹೊಸ ಮಾರ್ಗ ಕಟ್ಟುವಾಗ ಇದ್ದ ಉತ್ಸಾಹ ಹಳೆಯದನ್ನು ನೋಡಿಕೊಳ್ಳುವುದರಲ್ಲಿ ಇರಲಿಲ್ಲ. ನಟ್ಟು ಬೋಲ್ಟು ಬಿಗಿ ಮಾಡಿದ್ದಕ್ಕೆ ಯಾವ ಊರಲ್ಲೂ ರಿಬ್ಬನ್ ಕಟ್ ಮಾಡಲ್ಲ, ಅಲ್ವಾ? 2009ರಲ್ಲಿ ಫೋರ್ಟ್ ಟಾಟನ್ ಹತ್ತಿರ ಎರಡು ರೈಲು ಡಿಕ್ಕಿ ಹೊಡೆದು 9 ಜನ ಸತ್ತರು. 2015ರ ಜನವರಿಯಲ್ಲಿ ಲಾನ್‌ಫಾನ್ ಪ್ಲಾಜಾ ಬಳಿಯ ಸುರಂಗದಲ್ಲಿ ವಿದ್ಯುತ್ ಕೇಬಲ್ ಸುಟ್ಟು ಹೊಗೆ ತುಂಬಿ ಒಬ್ಬ ಮಹಿಳೆ ತೀರಿಹೋದರು. 2016ರ ಮಾರ್ಚ್ 14ರಂದು ಮತ್ತೊಂದು ಸುರಂಗದಲ್ಲಿ ಅದೇ ಥರದ ವಿದ್ಯುತ್ ಕೇಬಲ್ ಸುಟ್ಟಿತು.

ಆಗ ಹೊಸದಾಗಿ ಬಂದಿದ್ದ ಮುಖ್ಯಸ್ಥ ಪಾಲ್ ವೀಡೆಫೆಲ್ಡ್ ಯಾರೂ ಊಹಿಸದ ಕೆಲಸ ಮಾಡಿದರು. 15ನೇ ತಾರೀಕು ಸಂಜೆ, ನಾಳೆ ಇಡೀ ದಿನ ಮೆಟ್ರೋ ಇಲ್ಲ ಅಂತ ಘೋಷಿಸಿಬಿಟ್ಟರು. ಒಂದು ಮಾರ್ಗ ಅಲ್ಲ, ಪೂರ್ತಿ ಬಂದ್. ಸುರಂಗಗಳಲ್ಲಿರುವ ಸುಮಾರು 600 ಕೇಬಲ್‌ಗಳನ್ನು ಒಂದೊಂದಾಗಿ ನೋಡಬೇಕು ಅಂದರು.

ನಮ್ಮ ಕನ್ನಡದ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಅವತ್ತು ರಾತ್ರಿ ಹಬ್ಬದ ಶುಭಾಶಯಕ್ಕಿಂತ ಜಾಸ್ತಿ ಮೆಸೇಜು. ಯಾರ ಕಾರಿನಲ್ಲಿ ಎಷ್ಟು ಸೀಟು ಇದೆ, ಯಾರು ಎಷ್ಟು ಗಂಟೆಗೆ ಹೊರಡ್ತಾರೆ. ವರ್ಜೀನಿಯಾ ಕಡೆಯವರಿಗೆ ಇದು ಹೊಸದೂ ಅಲ್ಲ. ಇಲ್ಲಿ 'ಸ್ಲಗ್ಗಿಂಗ್' ಅಂತ ಒಂದು ಪದ್ಧತಿ 1970ರ ದಶಕದಿಂದ ಇದೆ. ಕಾರಿನಲ್ಲಿ ಜನ ಜಾಸ್ತಿ ಇದ್ದರೆ ಹೆದ್ದಾರಿಯ ಬೇರೆ ಲೇನಿನಲ್ಲಿ ಬೇಗ ಹೋಗಬಹುದು. ಹಾಗಾಗಿ ಗುರುತು ಪರಿಚಯ ಇಲ್ಲದವರು ಸಾಲಿನಲ್ಲಿ ನಿಂತು, ಗುರುತಿಲ್ಲದವರ ಕಾರು ಹತ್ತುತ್ತಾರೆ. ದುಡ್ಡು ಕೊಡುವಂತಿಲ್ಲ. ಕಾರು ಓಡಿಸುವವರು ಮಾತಾಡಿಸದಿದ್ದರೆ ನಾವೂ ಬಾಯಿ ಬಿಡುವಂತಿಲ್ಲ. ನಮ್ಮಲ್ಲಾದರೆ ಮೊದಲ ಸಿಗ್ನಲ್ ದಾಟುವಷ್ಟರಲ್ಲಿ ಊರು, ಸಂಬಳ, ಮಕ್ಕಳೆಷ್ಟು ಎಲ್ಲ ಕೇಳಿ ಮುಗಿದಿರುತ್ತಿತ್ತು.

ಆ ಒಂದು ದಿನದ ತಪಾಸಣೆಯಲ್ಲಿ 26 ಕಡೆ ಕೇಬಲ್ ಹಾಳಾಗಿದ್ದು ಸಿಕ್ಕಿತು. ಅದರಲ್ಲಿ ಮೂರು ಕಡೆಯಂತೂ, ಮೊದಲೇ ಗೊತ್ತಿದ್ದರೆ ರೈಲನ್ನೇ ಬಿಡಬಾರದು ಅನ್ನುವ ಸ್ಥಿತಿ. ಇದು ಹೊರಗೆ ಬಂದ ಮೇಲೆ ಜನರ ಸಿಟ್ಟು ದಿಕ್ಕು ಬದಲಿಸಿತು. ಹಿಂದಿನ ದಿನ "ಯಾಕೆ ಮುಚ್ತೀರಿ" ಅಂತ ಕೇಳಿದವರೇ "ಇಷ್ಟು ದಿನ ಏನು ನೋಡ್ತಿದ್ರಿ" ಅಂತ ಕೇಳಿದರು. ಈ ಎರಡನೇ ಪ್ರಶ್ನೆ ಇದೆಯಲ್ಲ, ಇಲ್ಲಿನವರ ಬೈಗುಳದಲ್ಲಿ ನನಗೆ ಇಷ್ಟವಾಗುವುದು ಅದೇ.

ಅದೇ ವರ್ಷ ಜೂನ್‌ನಲ್ಲಿ 'ಸೇಫ್‌ಟ್ರ್ಯಾಕ್' ಶುರುವಾಯಿತು. ಮೂರು ವರ್ಷದ ರಿಪೇರಿಯನ್ನು ಸುಮಾರು ಒಂದು ವರ್ಷಕ್ಕೆ ತುರುಕುವ ಯೋಜನೆ. ಇಲ್ಲಿ ಒಂದು ಮೂಲ ತೊಂದರೆ ಇದೆ. ನ್ಯೂಯಾರ್ಕ್‌ನ ಅನೇಕ ಮಾರ್ಗಗಳಲ್ಲಿ ಎಕ್ಸ್‌ಪ್ರೆಸ್ ರೈಲಿಗೆ ಬೇರೆ ಹಳಿ ಇದೆ, ಒಂದು ಕಡೆ ಕೆಲಸ ನಡೆದರೆ ಇನ್ನೊಂದರಲ್ಲಿ ಓಡಿಸಬಹುದು. ವಾಷಿಂಗ್ಟನ್‌ನಲ್ಲಿ ಹೋಗಲು ಒಂದು, ಬರಲು ಒಂದು, ಅಷ್ಟೇ. ಒಂದನ್ನು ಮುಚ್ಚಿದರೆ ಎರಡೂ ಕಡೆಯ ರೈಲು ಉಳಿದ ಹಳಿಯ ಮೇಲೆ ಸರದಿಯಲ್ಲಿ ಬರಬೇಕು. ಪ್ಲಾಟ್‌ಫಾರಂ ತುಂಬಾ ಜನ. ಬರುವ ರೈಲು ನಿಮ್ಮದಲ್ಲ, ಎದುರು ದಿಕ್ಕಿನದು. ಅದು ಹೋದ ಮೇಲೆ ಎಲ್ಲರೂ ಒಟ್ಟಿಗೆ ತಲೆ ಎತ್ತಿ ಬೋರ್ಡು ನೋಡುತ್ತಾರೆ. ಇನ್ನೂ 18 ನಿಮಿಷ. ಯಾರೋ ಒಬ್ಬರು ನಗುತ್ತಾರೆ. ಆ ನಗು ಸಾಲಾಗಿ ಹರಡುತ್ತದೆ.

ಆ ವರ್ಷ ಪ್ರಯಾಣಿಕರು ಕಡಿಮೆಯಾದರು. ಸುಮ್ನೆ ಬಿಟ್ಟು ಹೋದವರೂ ಇದ್ದರು, ಉಳಿದು ಜಗಳ ಆಡಿದವರೂ ಇದ್ದರು. ದೊಡ್ಡ ಜಗಳ ನಡೆದದ್ದು ರಾತ್ರಿ ರೈಲಿನ ಮೇಲೆ. ಮುಂಚೆ ಶುಕ್ರವಾರ, ಶನಿವಾರ ರಾತ್ರಿ 3 ಗಂಟೆವರೆಗೆ ಮೆಟ್ರೋ ಓಡುತ್ತಿತ್ತು. ಸೇಫ್‌ಟ್ರ್ಯಾಕ್ ಬಂದ ಮೇಲೆ ಮಧ್ಯರಾತ್ರಿಗೆ ಬಾಗಿಲು. ಆ ಯೋಜನೆ ಮುಗಿದ ಮೇಲೂ, 2017ರ ಜೂನ್‌ನಿಂದ ಸೋಮವಾರದಿಂದ ಗುರುವಾರದವರೆಗೆ ರಾತ್ರಿ 11.30ಕ್ಕೇ ಮುಚ್ಚಲು ತೀರ್ಮಾನಿಸಿದರು. ಹಳಿ ನೋಡಿಕೊಳ್ಳಲು ಸಮಯ ಬೇಕು ಅನ್ನುವುದು ಅವರ ವಾದ, ಅದು ನಿಜ ಕೂಡ. ಆದರೆ ಆ ಹೊತ್ತಿನಲ್ಲಿ ರೈಲು ಹತ್ತುವವರು ಬರೀ ಪಾರ್ಟಿ ಮುಗಿಸಿ ಬರುವವರಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಆಫೀಸು ಗುಡಿಸುವವರು, ಆಸ್ಪತ್ರೆಯ ಪಾಳಿ ಮುಗಿಸಿದವರು. ಒಂದು ದಿನ ಪೂರ್ತಿ ಬಂದ್ ಆದಾಗಲೂ ಇದೇ ಕಥೆ. ಲ್ಯಾಪ್‌ಟಾಪ್ ಇದ್ದ ನಮ್ಮಂಥವರು ಮನೆಯಲ್ಲಿ ಕೂತು ಕೆಲಸ ಮಾಡಿ, ಅದರ ಬಗ್ಗೆ ಜೋಕೂ ಹೊಡೆದೆವು. ಕೈಕಾಲಿನಿಂದ ದುಡಿಯುವವರಿಗೆ ಆ ಸೌಕರ್ಯ ಇರಲಿಲ್ಲ. ಬೈಯುವವರಲ್ಲಿ ನಮ್ಮ ಗಂಟಲೇ ದೊಡ್ಡದಿತ್ತು ಅನ್ನುವುದೂ ನಿಜ.

ನ್ಯೂಯಾರ್ಕ್‌ನ ಕಥೆ ಇನ್ನೂ ಮಜಾ. 2012ರ ಸ್ಯಾಂಡಿ ಚಂಡಮಾರುತದಲ್ಲಿ 'ಎಲ್' ಅನ್ನುವ ಮೆಟ್ರೋ ಮಾರ್ಗದ ನದಿ ಕೆಳಗಿನ ಸುರಂಗಕ್ಕೆ ಉಪ್ಪು ನೀರು ನುಗ್ಗಿತ್ತು. 2019ರ ಏಪ್ರಿಲ್‌ನಿಂದ 15 ತಿಂಗಳು ಸುರಂಗ ಮುಚ್ಚುತ್ತೇವೆ ಅಂದರು. ವರ್ಷಗಟ್ಟಲೆ ಸಭೆ, ವಾದ, ಬಸ್ಸಿನ ಯೋಜನೆ. ಆ ಮಾರ್ಗವನ್ನೇ ನಂಬಿದ್ದವರು ಮನೆ ಬದಲಿಸಿದರು. ಇನ್ನು ನಾಲ್ಕು ತಿಂಗಳೂ ಇಲ್ಲ ಅನ್ನುವಾಗ ಗವರ್ನರ್ ಆಂಡ್ರ್ಯೂ ಕ್ಯೂಮೊ ಎಂಜಿನಿಯರಿಂಗ್ ಪ್ರೊಫೆಸರುಗಳನ್ನು ಕರೆದುಕೊಂಡು ಸುರಂಗ ನೋಡಿ ಬಂದು, ಮುಚ್ಚೋದೇ ಬೇಡ, ರಾತ್ರಿ ಮತ್ತು ವಾರಾಂತ್ಯದಲ್ಲಿ ಕೆಲಸ ಮಾಡಿ ಅಂದರು. ಜನ ಕುಣಿದಾಡಬೇಕಿತ್ತು. ಬದಲಿಗೆ ಸಿಟ್ಟಾದರು. ಇದು ಮೊದಲೇ ಆಗುತ್ತಿತ್ತು ಅಂದರೆ ನಮ್ಮನ್ನು ಯಾಕೆ ಇಷ್ಟು ವರ್ಷ ಕುಣಿಸಿದಿರಿ ಅಂತ. 2020ರಲ್ಲಿ ಕೆಲಸ ಮುಗಿಯಿತು.

ಈಗ ನಮ್ಮ ಬೆಂಗಳೂರಿನ ಕಡೆ ಬರೋಣ. 2018ರ ಡಿಸೆಂಬರ್‌ನಲ್ಲಿ ಟ್ರಿನಿಟಿ ನಿಲ್ದಾಣದ ಹತ್ತಿರ ನಮ್ಮ ಮೆಟ್ರೋ ಕಂಬದ ಮೇಲಿನ ಕಾಂಕ್ರೀಟಿನಲ್ಲಿ ಟೊಳ್ಳು ಕಂಡಿತು. ತಿಂಗಳ ಕೊನೆಯಲ್ಲಿ ಎಂ.ಜಿ. ರಸ್ತೆಯಿಂದ ಇಂದಿರಾನಗರದವರೆಗೆ ರೈಲು ನಿಲ್ಲಿಸಿ ಸರಿಪಡಿಸಿದರು. ಆಗ ಅದೇ ಮಾರ್ಗದಲ್ಲಿ ಓಡಾಡುತ್ತಿದ್ದ ನಮ್ಮ ಅಕ್ಕನಿಗೆ ಫೋನ್ ಮಾಡಿದೆ. "ಎರಡು ಮೂರು ದಿನ ತಾನೇ ಕಣೋ, ಆಟೋದಲ್ಲಿ ಹೋದ್ರಾಯ್ತು" ಅಂದಳು. ಏಳು ವರ್ಷ ಹಳೆಯ ಮೆಟ್ರೋದಲ್ಲಿ ಕಾಂಕ್ರೀಟು ಯಾಕೆ ಟೊಳ್ಳಾಯಿತು, ಉಳಿದ ಕಂಬಗಳ ಕಥೆ ಏನು ಅಂತ ಕೇಳಿದೆ. "ಅದೆಲ್ಲ ಎಂಜಿನಿಯರುಗಳು ನೋಡ್ಕೋತಾರೆ ಬಿಡು."

ಅದೇ ಅಕ್ಕ 2025ರ ಫೆಬ್ರವರಿಯಲ್ಲಿ ಟಿಕೆಟ್ ದರ ಏರಿದಾಗ ಬೆಂಕಿ. ಗರಿಷ್ಠ ದರ 60ರಿಂದ 90 ರೂಪಾಯಿ ಆದದ್ದು, ಯಾವ ನಿಲ್ದಾಣದಿಂದ ಯಾವುದಕ್ಕೆ ಎಷ್ಟಿತ್ತು ಎಷ್ಟಾಯಿತು, ಎಲ್ಲ ಬಾಯಲ್ಲೇ. ಊರೆಲ್ಲ ಕೂಗಾಡಿ, ಕೊನೆಗೆ ಕೆಲವು ದೂರಗಳಿಗೆ ದರ ಇಳಿಸಿದರು. ಅಂದರೆ ನಮಗೆ ಕೇಳಲು ಬರುವುದಿಲ್ಲ ಅಂತೇನಿಲ್ಲ. ಜೇಬಿನ ವಿಷಯಕ್ಕೆ ಚೆನ್ನಾಗಿಯೇ ಬರುತ್ತದೆ. ಕಂಬ, ಹಳಿ, ಕೇಬಲ್ ಅಂದರೆ ಅದು ಬೇರೆ ಯಾರದೋ ಮನೆ ವಿಷಯ ಅನ್ನುವ ಹಾಗೆ ಇರುತ್ತೇವೆ. ಈ ತಾಳ್ಮೆಯನ್ನು ದೊಡ್ಡ ಗುಣ ಅಂತ ಹೊಗಳುವವರನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ವಾಷಿಂಗ್ಟನ್‌ನವರು ಕೂಡ 40 ವರ್ಷ ಹೀಗೇ ತಾಳ್ಮೆಯಿಂದ ಇದ್ದದ್ದಕ್ಕೆ ಅಲ್ಲವೇ ಆಮೇಲೆ ವರ್ಷವಿಡೀ ಪ್ಲಾಟ್‌ಫಾರಂನಲ್ಲಿ ಕಾದದ್ದು.

ನಮ್ಮ ಮೆಟ್ರೋ ವಯಸ್ಸಿನಲ್ಲಿ ಇನ್ನೂ ಚಿಕ್ಕದು, ರಾತ್ರಿ ಕೆಲವು ಗಂಟೆ ನಿಲ್ಲುತ್ತದೆ. ಆ ಗಂಟೆಗಳೇ ಅದರ ಆಸ್ತಿ. ರಾತ್ರಿ ಇನ್ನೂ ತಡವಾಗಿ ರೈಲು ಬಿಡಿ ಅನ್ನುವ ಬೇಡಿಕೆ ಆಗಾಗ ಬರುತ್ತದೆ. ನ್ಯಾಯವಾದ ಬೇಡಿಕೆಯೇ, ರಾತ್ರಿ ಪಾಳಿಯವರು ನಮ್ಮಲ್ಲೂ ಇದ್ದಾರೆ. ಅದರ ಜೊತೆಗೇ, ಹಳಿ ನೋಡಲು ಎಷ್ಟು ಗಂಟೆ ಉಳಿಯುತ್ತದೆ, ಕಳೆದ ವರ್ಷ ಆ ಗಂಟೆಗಳಲ್ಲಿ ಏನೇನು ಸರಿಪಡಿಸಿದಿರಿ ಅಂತಲೂ ಕೇಳಬೇಕು. ಮೊನ್ನೆ ಅಕ್ಕನಿಗೆ ಇದನ್ನೇ ಹೇಳಿದೆ. ಅವಳ ಮಗ ಈಗ ಹಳದಿ ಮಾರ್ಗದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಾನೆ. ಶುರುವಾದಾಗ ಅಲ್ಲಿ ಇದ್ದದ್ದು 25 ನಿಮಿಷಕ್ಕೊಂದು ರೈಲು.

"ರಿಪೇರಿ ಆಮೇಲೆ ನೋಡೋಣ, ಮೊದಲು ರೈಲು ಜಾಸ್ತಿ ಬಿಡೋಕೆ ಹೇಳು" ಅಂದಳು.