ಬಾಲ್ಕನಿಯ ಸೀರೆ

ಬಟ್ಟೆಗೆ ಹಾಕುವ ಕಂಡಿಷನರ್ ಬಾಟಲಿಯ ಮೇಲೆ 'ಬೆಳಗಿನ ತಂಗಾಳಿ' ಎಂದು ಬರೆದಿತ್ತು. ಮುಚ್ಚಳ ತೆಗೆದು ಮೂಸಿದೆ. ಮೂರು ಸೀನು ಬಂದವು. ನಮ್ಮೂರಿನ ಬೆಳಗಿನ ಗಾಳಿಗೆ ಕೊಟ್ಟಿಗೆ, ಬಚ್ಚಲೊಲೆಯ ಹೊಗೆ, ಪಕ್ಕದ ಮನೆಯ ಒಗ್ಗರಣೆ ಎಲ್ಲದರ ವಾಸನೆ ಇರುತ್ತಿತ್ತು. ಇದಕ್ಕೆ ಕಲ್ಲಂಗಡಿಯ ವಾಸನೆ.

ಕಲ್ಲಂಗಡಿಗೂ ಒಂದು ಜಾತಕವಿದೆ. 1966ರಲ್ಲಿ ಫೈಜರ್ ಎಂಬ ಔಷಧಿ ಕಂಪನಿಯವರು ಕ್ಯಾಲೋನ್ ಎಂಬ ರಾಸಾಯನಿಕ ಕಂಡುಹಿಡಿದರು. ಅದನ್ನು ಮೂಸಿದರೆ ಕಡಲ ಗಾಳಿ, ಜೊತೆಗೆ ಕಲ್ಲಂಗಡಿ. 1990ರ ದಶಕದಲ್ಲಿ ಸೆಂಟಿನವರು ಅದನ್ನು ಸುರಿದದ್ದೇ ಸುರಿದದ್ದು. ನನ್ನ ಬಾಟಲಿಯಲ್ಲೂ ಅದರ ದಾಯಾದಿ ಯಾರೋ ಇರಬೇಕು.

ಈ ಬಾಟಲಿ ನಮ್ಮನೆಗೆ ಬಂದದ್ದು ಅಮ್ಮನ ಸೀರೆಯಿಂದ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ. ಬಿಲ್ಡಿಂಗಿನ ಅಂದ ಕೆಡುತ್ತದಂತೆ! ಊರಿಂದ ಬಂದ ಮೊದಲ ದಿನವೇ ಅಮ್ಮ ಸೀರೆ ಇಳಿಬಿಟ್ಟರು. ಅದು ಕೆಳಗಿನ ಮನೆಯವರ ಕಿಟಕಿಗೆ ಪರದೆಯಾಯಿತು. ಸೆಕ್ಯೂರಿಟಿಯವನು ಇಂಟರ್‌ಕಾಮ್ ಮಾಡಿದ.

"ಅಮ್ಮಾ, ಸೀರೆ."

"ಹೌದಪ್ಪ, ಸೀರೆನೇ," ಎಂದು ಅಮ್ಮ ಫೋನಿಟ್ಟರು.

ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು. ಸೀರೆಗೆ ಕೆಂಪು ಬಾಣದ ಗುರುತು ಬೇರೆ. ಬಣ್ಣ ಸರಿಯಾಗಿ ಬಂದಿಲ್ಲ ಎಂದಷ್ಟೇ ಅಮ್ಮನ ತಕರಾರು. ಮಾರನೇ ದಿನ ಸೆಕ್ರೆಟರಿಯೇ ಬಂದರು. ಅಮ್ಮ ಕಾಫಿ ಕೊಟ್ಟರು. ಆಮೇಲೆ ಬಿಸಿಲಲ್ಲಿ ಗರಿಗರಿಯಾಗಿದ್ದ ಟವೆಲ್ ತಂದು ಅವರ ಮೂಗಿಗೇ ಹಿಡಿದರು. ಮೂಸಿ ನೋಡಿ ಅಂದರು. ಮೂಸಿದರು, ಪಾಪ.

"ಚೆನ್ನಾಗಿದೆ ಆಂಟಿ. ಆದ್ರೆ ರೂಲ್ಸು."

500 ರೂಪಾಯಿ ದಂಡ. ನಾಯಿ ಲಿಫ್ಟಿನಲ್ಲಿ ಗಲೀಜು ಮಾಡಿದರೆ ಬರೀ 200! ಡ್ರೈಯರ್ ಬಂತು, ಅದರ ಹಿಂದೆಯೇ ತಂಗಾಳಿಯೂ ಬಂತು.

ಅಮ್ಮನ ಪರ ಸಾಕ್ಷಿ ಹೇಳಲು ಕೋಪನ್‌ಹೇಗನ್ ವಿಶ್ವವಿದ್ಯಾಲಯದವರಿದ್ದರು, ನನಗೆ ತಡವಾಗಿ ಗೊತ್ತಾಯಿತು. ಒದ್ದೆ ಟವೆಲ್‌ಗಳನ್ನು ಕೋಣೆಯಲ್ಲಿ, ನೆರಳಲ್ಲಿ, ಬಿಸಿಲಲ್ಲಿ ಒಣಗಿಸಿ 2020ರಲ್ಲಿ ವರದಿ ಬರೆದರು. ಬಿಸಿಲಿನ ಟವೆಲ್ಲಿನಲ್ಲಿ ಮಾತ್ರ ಆಲ್ಡಿಹೈಡ್, ಕೀಟೋನ್ ಎಂಬ ಜಾತಿಯ ಕೆಲವು ವಾಸನೆಯ ರಾಸಾಯನಿಕಗಳು ಹುಟ್ಟಿದ್ದವು. ಸೆಂಟಿನವರು ಸೀಸೆಯಿಂದ ತೆಗೆದು ಬೆರೆಸುವ ಜಾತಿಯವೇ. ಅಂದಹಾಗೆ, ಅವರೂ ಬಿಸಿಲಿಗೆ ಹಾಕಿದ್ದು ಬಾಲ್ಕನಿಯಲ್ಲೇ. ಯಾರೂ ಬಾಣ ಹಾಕಲಿಲ್ಲ.

ಅಮ್ಮ ಊರಿಗೆ ಹೋದರು. ಬಾಟಲಿ ಇನ್ನೂ ಮುಕ್ಕಾಲು ಇದೆ. ಗಾಳಿಯನ್ನು ಸೀಸೆಗೆ ತುಂಬುವವರ ಬಗ್ಗೆ ಏನೋ ದೊಡ್ಡ ಮಾತು ಹೇಳಬೇಕೆಂದು ಕೂತಿದ್ದೆ. ಇಂಟರ್‌ಕಾಮ್ ಹೊಡೆದುಕೊಳ್ಳುತ್ತಿದೆ.

"ಸಾರ್, ಕಾಲೊರಸು."