ಬಸುರಿ ವಾಕಿಂಗ್ ಮಾಡಿದರೆ ಮೈ ಹೀಟ್ ಆಗಿ ಮಗುವಿಗೆ ತೊಂದರೆಯಾ? ಒಂದು ಸ್ಪಷ್ಟನೆ

"ಬಸುರಿಯರು ವಾಕಿಂಗ್ ಮಾಡಿ ಬೆವರಿದರೆ ಉಷ್ಣ ಜಾಸ್ತಿಯಾಗಿ ಗರ್ಭ ನಿಲ್ಲಲ್ಲ" ಅನ್ನೋ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಬೆವರೋದೇ ಮೈ ತಣ್ಣಗಾಗೋಕೆ ಅಲ್ವಾ? ಆರೋಗ್ಯವಾಗಿರುವ ಬಸುರಿ ವಾರಕ್ಕೆ ಕನಿಷ್ಠ 150 ನಿಮಿಷ ಹದವಾಗಿ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗುತ್ತಿದ್ದರೆ ಹದ ಸರಿಯಿದೆ.

ಭಯ ಪಡಬೇಕಾದ್ದು ಬೇರೆ: ಮೊದಲ ವಾರಗಳಲ್ಲಿ, ಮಗುವಿನ ಮಿದುಳು, ಬೆನ್ನುಹುರಿ ಮೂಡುವಾಗ, ಮೈಯೊಳಗಿನ ತಾಪ 39 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ನಿಲ್ಲೋದು. ಜೋರು ಜ್ವರ, ಹಬೆಸ್ನಾನದಲ್ಲಿ ಹಾಗಾಗಬಹುದು. ಬೆಳಗಿನ ತಂಪಲ್ಲಿ ನಡೆದರೆ ಅಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಲು ಮಾತ್ರ ಬೇಡ, ನೀರಿನ ಬಾಟಲಿ ಕೈಯಲ್ಲಿರಲಿ. ತಲೆ ಸುತ್ತಿದರೆ, ರಕ್ತ ಕಂಡರೆ ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ರೆಸ್ಟ್ ಮಾಡಿ ಅಂತ ಡಾಕ್ಟರೇ ಹೇಳಿದ್ದರೆ ಅವರ ಮಾತೇ ಕೇಳಿ.