11 ದಿನದ ಗವರ್ನರ್

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಫ್ರೆಡ್ ಹಾಲ್ ಅಂತ ಒಬ್ಬ ಗವರ್ನರ್ ಇದ್ದರು. ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ ಅನ್ನಿ. 1956ರಲ್ಲಿ ಅವರ ರಿಪಬ್ಲಿಕನ್ ಪಕ್ಷದವರೇ ಟಿಕೆಟ್ ತಪ್ಪಿಸಿದರು. ಕೊನೆಗೆ ಗೆದ್ದದ್ದು ಡೆಮಾಕ್ರಾಟ್ ಪಕ್ಷದ ಜಾರ್ಜ್ ಡಾಕಿಂಗ್. 1957ರ ಜನವರಿ 14ಕ್ಕೆ ಅಧಿಕಾರ ಅವರ ಕೈಗೆ. ಹಾಲ್ ಸಾಹೇಬರು ಗಂಟುಮೂಟೆ ಕಟ್ಟಬೇಕು, ಅಷ್ಟೆ.

ಕಟ್ಟಿದರು. ಆದರೆ ಮನೆಗೆ ಹೋಗಲಿಲ್ಲ.

ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಬಿಲ್ ಸ್ಮಿತ್ ಅವರಿಗೆ ಹುಷಾರಿರಲಿಲ್ಲ. ರಾಜೀನಾಮೆ ಕೊಟ್ಟರು. ಆಗ ಅಲ್ಲಿ ನ್ಯಾಯಮೂರ್ತಿಗಳನ್ನು ಆರಿಸುತ್ತಿದ್ದದ್ದು ಮತ ಹಾಕಿ ಜನರೇ, ಆದರೆ ನಡುವೆ ಖಾಲಿಯಾದ ಕುರ್ಚಿ ತುಂಬುವ ಅಧಿಕಾರ ಗವರ್ನರ್‌ದು. ತನ್ನನ್ನು ತಾನೇ ನೇಮಿಸಿಕೊಂಡರೆ ಚೆನ್ನಾಗಿ ಕಾಣಲ್ಲ, ಅಲ್ವಾ? ಹಾಲ್ ಮರ್ಯಾದಸ್ಥರು. ಅವರೂ ರಾಜೀನಾಮೆ ಕೊಟ್ಟರು. ಲೆಫ್ಟಿನೆಂಟ್ ಗವರ್ನರ್ ಜಾನ್ ಮೆಕ್ಯೂಯಿಷ್ ಗವರ್ನರ್ ಆದರು, ಹಾಲ್ ಅವರನ್ನು ನ್ಯಾಯಮೂರ್ತಿ ಮಾಡಿದರು. 11 ದಿನದ ಆ ಆಡಳಿತದಲ್ಲಿ ನೆನಪಿಡುವಂಥ ಕೆಲಸ ಅದೊಂದೇ. ಕೆಲವರು ಐದು ವರ್ಷ ಕೂತರೂ ಅಷ್ಟೂ ಮಾಡಲ್ಲ ಬಿಡಿ.

ಇದಕ್ಕೆ 'ಟ್ರಿಪಲ್ ಪ್ಲೇ' ಅಂತ ಹೆಸರು ಬಿತ್ತು. ಬೇಸ್‌ಬಾಲ್ ಆಟದಲ್ಲಿ ಒಂದೇ ಏಟಿಗೆ ಮೂವರು ಔಟ್ ಆದರೆ ಹಾಗನ್ನುತ್ತಾರೆ. ಇಲ್ಲಿ ಆಡಿದವರು ಮೂವರು, ಔಟ್ ಆದವರು ಮತದಾರರು.

ಜನರಿಗೆ ಸಿಟ್ಟು ಬಂತು. 1958ರಲ್ಲಿ ಸಂವಿಧಾನ ತಿದ್ದುಪಡಿಗೆ ಮತ ಹಾಕಿ ಗೆಲ್ಲಿಸಿದರು. ಗವರ್ನರ್ ಕೈಯಿಂದ ನೇಮಕದ ಅಧಿಕಾರ ಕಿತ್ತುಕೊಂಡರಾ? ಇಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಚುನಾವಣೆಯನ್ನೇ ತೆಗೆದುಹಾಕಿದರು! ಕಿತಾಪತಿ ನಡೆದದ್ದು ನೇಮಕದಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಂದಿನಿಂದ 9 ಜನರ ಸಮಿತಿ. ಅದರಲ್ಲಿ 5 ಜನ ವಕೀಲರು, ಅವರನ್ನು ಆರಿಸುವವರೂ ವಕೀಲರೇ. ಸಮಿತಿ 3 ಹೆಸರು ಕೊಡುತ್ತದೆ, ಗವರ್ನರ್ ಒಂದಕ್ಕೆ ಟಿಕ್ ಹಾಕುತ್ತಾರೆ. ಜನರಿಗೆ ಏನೂ ಇಲ್ಲವೇ? ಇದೆ. ಆರು ವರ್ಷಕ್ಕೊಮ್ಮೆ ಒಂದು ಪ್ರಶ್ನೆ: ಇವರು ಇರಲೋ, ಬೇಡವೋ? ಎದುರಾಳಿ ಇಲ್ಲ. ಮದುವೆ ಮುಗಿಸಿ, ಊಟವೂ ಆದ ಮೇಲೆ ಹುಡುಗ ಹಿಡಿಸಿದನಾ ಅಂತ ಕೇಳಿದ ಹಾಗೆ. 2022ರಲ್ಲಿ 6 ನ್ಯಾಯಮೂರ್ತಿಗಳ ಬಗ್ಗೆ ಕೇಳಿದರು. ಆರೂ ಜನ ಉಳಿದರು.

ಹಾಲ್ ಕಥೆ ಏನಾಯ್ತು ಅಂತೀರಾ? ಅಷ್ಟು ಕಷ್ಟಪಟ್ಟು ಹಿಡಿದ ಕುರ್ಚಿಗೂ 1958ರಲ್ಲೇ ರಾಜೀನಾಮೆ ಕೊಟ್ಟು, ಮತ್ತೆ ಗವರ್ನರ್ ಟಿಕೆಟ್‌ಗೆ ನಿಂತರು. ಸೋತರು.

2025ರಲ್ಲಿ ಅಲ್ಲಿನ ಶಾಸಕರಿಗೆ ಇದ್ದಕ್ಕಿದ್ದಂತೆ ಜನರ ಮೇಲೆ ಪ್ರೀತಿ ಉಕ್ಕಿತು. ಮತ್ತೆ ಚುನಾವಣೆಯೇ ಇರಲಿ, 2026ರ ಆಗಸ್ಟ್‌ನಲ್ಲಿ ಮತದಾರರನ್ನೇ ಕೇಳೋಣ ಅಂತ ತೀರ್ಮಾನಿಸಿದರು. ಬರೆ ತಿಂದು ಓಡಿಹೋದ ಎಮ್ಮೆಯನ್ನು ಹಿಂಡಿ ತೋರಿಸಿ ಕೊಟ್ಟಿಗೆಗೆ ಕರೆಯುತ್ತಿದ್ದಾರೆ.